ಸಂಕ ಇರಲಿಲ್ಲವೆಂದು ಬರೆದುಕೊಟ್ಟೆ

ಕಳೆದ ತಿಂಗಳು ಒಬ್ಬಳು ಹುಡುಗಿ ಫೋನ್ ಮಾಡಿದಳು. ನಾನು ಮೂವತ್ತು ವರ್ಷ ದುಡಿದ ಕೋಟೆಗೆ ಹೊಸದಾಗಿ ಕೆಲಸಕ್ಕೆ ಸೇರಿದವಳಂತೆ. “ಸರ್, ಈ ಕೆಲಸ ಕಲಿಯಲಿಕ್ಕೆ ಎಂತ ಓದಬೇಕು?” ಎಂದು ಕೇಳಿದಳು. ನನಗೆ ನಗು ಬಂತು. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕೋಟೆ ನೋಡಿಕೊಳ್ಳುವ ಪುರಾತತ್ವ ಇಲಾಖೆಯಲ್ಲಿ, ಊರಲ್ಲಿ, ಇಗರ್ಜಿಯಲ್ಲಿ ಎಲ್ಲ ಕಡೆ ನಾನು ಲಿಗೋರಿ ಮೇಸ್ತ್ರಿ. ಸರ್ ಎಂದು ಕರೆದವರು ಕಡಿಮೆ. ಪುಸ್ತಕದ ಹೆಸರು ಯಾವುದೂ ನನಗೆ ಗೊತ್ತಿಲ್ಲ, ಬೇಕಾದರೆ ನಾನೇ ಬರೆದು ಕಳಿಸುತ್ತೇನೆ ಎಂದೆ. ಬರೆಯಲು ಕೂತ ಮೇಲೆ ತಿಳಿಯಿತು, ಮೂವತ್ತು ವರ್ಷಗಳಲ್ಲಿ ಹೇಳಲೇಬೇಕಾದ ಸಂಗತಿ ಒಂದು ಇದೆ, ಅದನ್ನು ನಾನು ಈವರೆಗೆ ಯಾರಿಗೂ ಪೂರ್ತಿಯಾಗಿ ಹೇಳಿಲ್ಲ.

ಕೋಟೆಯ ಹೆಸರು ಹಾಕುವುದಿಲ್ಲ. ಕಾಸರಗೋಡು ಜಿಲ್ಲೆಯಲ್ಲಿ ಹೊಳೆಯ ದಡದಲ್ಲೊಂದು, ಕಡಲ ಬದಿಯಲ್ಲೊಂದು ಎಂದು ಕೆಂಪುಕಲ್ಲಿನ ಕೋಟೆಗಳು ಬೇಕಾದಷ್ಟಿವೆ. ಅವುಗಳಲ್ಲಿ ದೊಡ್ಡದೂ ಅಲ್ಲದ, ಹೆಸರು ಮಾಡಿದ್ದೂ ಅಲ್ಲದ ಒಂದು ಎಂದು ತಿಳಿದುಕೊಂಡರೆ ಸಾಕು. ಬಡ್ತಿಯ ಕಥೆಯನ್ನೂ ಹೇಳುವುದಿಲ್ಲ. ಎರಡು ಸಿಕ್ಕಿದವು, ಎರಡೂ ತಡವಾಗಿ ಸಿಕ್ಕಿದವು.

ನನ್ನ ಅಪ್ಪನಿಗೆ ಮಂಗಲ್ಪಾಡಿಯ ಹತ್ತಿರ ಒಂದು ಕಲ್ಲಿನ ಕೋರೆ ಇತ್ತು. ಆಗ ಕಲ್ಲು ಕಡಿಯುವ ಮೆಷಿನ್ ಬಂದಿರಲಿಲ್ಲ. ಉದ್ದ ಹಿಡಿಯ ಕೊಡಲಿಯಲ್ಲಿ ಗೆರೆ ಹಾಕಿ, ಒಂದೊಂದೇ ಕಲ್ಲನ್ನು ಎಬ್ಬಿಸುವುದು. ಕೆಂಪುಕಲ್ಲು ಎಂಬುದು ವಿಚಿತ್ರ ಜಾತಿ. ನೆಲದೊಳಗೆ ಇರುವಷ್ಟು ದಿನ ಮೆತ್ತಗೆ ಇರುತ್ತದೆ. ಹೊರಗೆ ಬಂದು ಮಳೆ ಬಿಸಿಲು ತಿಂದ ಹಾಗೆ ಗಟ್ಟಿಯಾಗುತ್ತ ಹೋಗುತ್ತದೆ. ಅಪ್ಪ ನೆಲದ ಮೇಲೆ ಪಿಕಾಸಿಯಿಂದ ಒಮ್ಮೆ ಬಡಿದು, ಸದ್ದು ಕೇಳಿ, ಕೆಳಗೆ ಒಳ್ಳೆಯ ಕಲ್ಲು ಇದೆಯೋ ಬರೀ ಜೇಡಿಯೋ ಎಂದು ಹೇಳುತ್ತಿದ್ದ. ಹತ್ತಕ್ಕೆ ಒಂಬತ್ತು ಸಲ ಸರಿ ಬರುತ್ತಿತ್ತು. ನನಗೂ ಆ ವಿದ್ಯೆ ಬಂತು. ಅದರ ಬಲದಿಂದಲೇ ಇಲಾಖೆಯಲ್ಲಿ ಕೆಲಸ ಸಿಕ್ಕಿತು, ಅದರ ಬಲದಿಂದಲೇ ನಾನು ಕೆಟ್ಟೆ.

ಸೇರಿದ ಹೊಸತರಲ್ಲಿ ನನ್ನ ಮೇಲಿನವರಾಗಿದ್ದವರು ಕುರುಪ್ ಸಾರ್. ತೆಳ್ಳಗಿನ ಮನುಷ್ಯ, ಮಲಯಾಳದವರು, ಅವರ ಕನ್ನಡದಲ್ಲಿ ಅರ್ಧ ಮಲಯಾಳವೇ. ಮೊದಲ ವರ್ಷವೇ ನಾನು ಒಂದು ದೊಡ್ಡ ಎಡವಟ್ಟು ಮಾಡಿದೆ. ಸಾರ್ ರಜೆಯಲ್ಲಿದ್ದರು. ಪಡುವಣ ಬತೇರಿಯ, ಅಂದರೆ ಕಾವಲು ಬುರುಜಿನ, ಕಲ್ಲಿನ ಸಂದುಗಳು ಬಾಯಿ ಬಿಟ್ಟಿದ್ದವು. ನಾನು ನಾಲ್ಕು ಜನರನ್ನು ಕೂಡಿಸಿಕೊಂಡು ಚೆನ್ನಾಗಿ ಸಿಮೆಂಟು ಮೆತ್ತಿಸಿದೆ. ನೋಡಲಿಕ್ಕೆ ಹೊಸ ಗೋಡೆಯಂತೆ ಕಂಡಿತು. ಸಾರ್ ಬಂದವರು ಬೈಯಲಿಲ್ಲ. “ಲಿಗೋರಿ, ಎರಡು ಮಳೆ ಆಗ್ಲಿ, ಆಮೇಲೆ ಮಾತಾಡುವ” ಎಂದರು. ಎರಡನೇ ಮಳೆಗೆ ಆ ಬದಿಯ ಗೋಡೆ ಹಲಸಿನ ಹಣ್ಣು ಒಡೆದಂತೆ ಒಡೆದುಕೊಂಡಿತು. ಕೆಂಪುಕಲ್ಲು ನೀರು ಕುಡಿಯುತ್ತದೆ, ಕುಡಿದ ನೀರು ಸಂದಿನಿಂದಲೇ ಹೊರಗೆ ಹೋಗಬೇಕು. ನಾನು ಸಂದುಗಳನ್ನು ಮುಚ್ಚಿಬಿಟ್ಟಿದ್ದೆ. ಅನಂತರ ಸುಣ್ಣವನ್ನು ಗುಂಡಿಯಲ್ಲಿ ವಾರಗಟ್ಟಲೆ ಕೊಳೆಹಾಕಿ, ಬೆಲ್ಲದ ನೀರು, ಅಳಲೆಕಾಯಿಯ ನೀರು ಬೆರೆಸಿ ಅರೆಯುವುದನ್ನು ಸಾರ್ ನನಗೆ ಕಲಿಸಿದರು. ನೀವೆಲ್ಲ ಈಗ ಚೀಲದಲ್ಲಿ ತಯಾರಾಗಿ ಬರುವ ಸುಣ್ಣ ಬಳಸುತ್ತೀರಿ. ಬಳಸಿ, ತಪ್ಪಿಲ್ಲ. ಆದರೆ ಒಮ್ಮೆಯಾದರೂ ಗುಂಡಿಯ ಸುಣ್ಣವನ್ನು ಕೈಯಲ್ಲಿ ಹಿಡಿದು ನೋಡಿ.

ಕೋಟೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಕಲಿಸಿದವರೂ ಅವರೇ. “ಕಟ್ಟಿದವನ ತಲೆಯಿಂದ ನೋಡ್ಬೇಡ, ಮುರೀಲಿಕ್ಕೆ ಬಂದವನ ಕಾಲಿಂದ ನೋಡು” ಎಂದು ನನ್ನನ್ನು ಕಂದಕದ ಆಚೆಗೆ ಕರೆದುಕೊಂಡು ಹೋಗಿ ನಿಲ್ಲಿಸಿದರು. ಎದುರಿಗೆ ಬಾಗಿಲು. ಬಾಗಿಲಿನ ಎಡಬಲದಲ್ಲಿ ಎರಡು ಬತೇರಿಗಳು, ಕೈ ಚಾಚಿ ತಬ್ಬಲು ನಿಂತಂತೆ. ನಾನು ನಿಂತ ಜಾಗಕ್ಕೆ ಎರಡೂ ಕಡೆಯಿಂದ ಗುರಿ. ದೊಡ್ಡ ದೊಡ್ಡ ಕೋಟೆಗಳಲ್ಲಿ ಈ ಕಂದಕದ ಮೇಲೆ ಎತ್ತಿ ಇಳಿಸುವ ಸಂಕ ಇರುತ್ತಿತ್ತು ಎಂದರು ಸಾರ್. ತೋಡಿಗೆ ಅಡ್ಡ ಹಾಕುವ ಮರದ ಕಾಲುಸೇತುವೆಗೆ ನಮ್ಮಲ್ಲಿ ಸಂಕ ಎನ್ನುತ್ತೇವೆ. ಅವರಿಗೆ ಆ ಮಾತು ಬಹಳ ಹಿಡಿಸಿತ್ತು.

ಸಂಕವನ್ನು ಎತ್ತಿದರೆ ಶತ್ರು ಸೋಲುವುದಿಲ್ಲ, ಸುಮ್ಮನೆ ನಿಲ್ಲುತ್ತಾನೆ. ಅವನು ನಿಲ್ಲುವುದೇ ಬೇಕಾದದ್ದು. ಮರ ತರಬೇಕು, ಮಣ್ಣು ತುಂಬಬೇಕು, ಏಣಿ ಕಟ್ಟಬೇಕು, ಅಷ್ಟು ಹೊತ್ತು ಎರಡು ಬತೇರಿಗಳ ಕಣ್ಣೆದುರು ಬೆನ್ನು ಬಗ್ಗಿಸಬೇಕು. ಎತ್ತಿ ನಿಲ್ಲಿಸಿದ ಸಂಕ ಬಾಗಿಲಿಗೆ ಅಡ್ಡವಾಗಿ ಇನ್ನೊಂದು ಬಾಗಿಲಾಗುತ್ತದೆ. ಆನೆಯನ್ನು ತಂದು ಬಾಗಿಲು ಗುದ್ದಿಸೋಣವೆಂದರೆ, ಓಡಿ ಬಂದು ಗುದ್ದಲು ಆನೆಗೂ ನೆಲ ಬೇಕಲ್ಲ? ಒಳಗಿನವರಿಗೆ ಅಷ್ಟರಲ್ಲಿ ಹೊಳೆಯಿಂದ ದೋಣಿಯಲ್ಲಿ ಸಹಾಯ ಬರುತ್ತದೆ. ಫಿರಂಗಿಗಳು ದೂರದಿಂದಲೇ ಹೊಡೆಯಲು ಕಲಿತ ಮೇಲೆ ಸಂಕಕ್ಕೆ ಬೆಲೆ ಉಳಿಯಲಿಲ್ಲ. ಹಲವು ಕಡೆ ಕಂದಕಕ್ಕೆ ಮಣ್ಣು ತುಂಬಿ ಗಾಡಿ ಹೋಗುವ ದಾರಿ ಮಾಡಿದರು.

“ನಮ್ಮ ಕೋಟೆಯಲ್ಲಿ?” ಎಂದು ಕೇಳಿದೆ.

“ಗೊತ್ತಿಲ್ಲ” ಎಂದರು ಸಾರ್. “ಗೊತ್ತಿಲ್ಲದ್ದು ಗೊತ್ತಿಲ್ಲ ಅಂತ ಹೇಳ್ಬೇಕು. ಕಂಡದ್ದು ಬರಿ, ಅನಿಸಿದ್ದು ಬರೀಬೇಡ.”

ನಮ್ಮ ಕೋಟೆಯ ಬಾಗಿಲ ಮುಂದೆ ಕಂದಕಕ್ಕೆ ಅಡ್ಡವಾಗಿ ಒಂದು ಕೆಂಪು ದಾರಿ ಇತ್ತು, ಎತ್ತಿನ ಗಾಡಿ ಹೋಗುವಷ್ಟು ಅಗಲ. ಸಾರ್ ನಿವೃತ್ತರಾಗಿ ತಮ್ಮ ಊರಿಗೆ ಹೋದ ಮೇಲೆ ಅದರ ವಿಷಯವನ್ನು ನಾನೇ ತೀರ್ಮಾನ ಮಾಡಿಬಿಟ್ಟೆ. ಕೋಟೆ ಕಟ್ಟುವಾಗ ಕಂದಕ ಕಡಿದವರು ಅಷ್ಟು ಅಗಲದ ಹುಟ್ಟುಕಲ್ಲನ್ನು, ನೆಲದಲ್ಲಿ ಮೊದಲಿಂದ ಇದ್ದ ಕಲ್ಲನ್ನು, ಕಡಿಯದೆ ಬಿಟ್ಟಿದ್ದಾರೆ, ಇಲ್ಲಿ ಸಂಕದ ಅಗತ್ಯವೇ ಇರಲಿಲ್ಲ ಎಂದು. ಶಾಲೆಯ ಮಕ್ಕಳು ಪ್ರವಾಸಕ್ಕೆ ಬಂದು, ಸಿನೆಮಾದಲ್ಲಿ ಕಂಡ ಹಾಗೆ ಸರಪಳಿಯ ಸಂಕ ಎಲ್ಲಿ ಎಂದು ಕೇಳುತ್ತಿದ್ದರು. “ಅದೆಲ್ಲ ಬಿಳಿಯರ ದೇಶದಲ್ಲಿ, ಇಲ್ಲಿ ಇಲ್ಲ” ಎಂದು ಹೇಳಿ ಕಳಿಸುತ್ತಿದ್ದೆ. ಟೀಚರುಗಳು ಅದನ್ನೇ ನೋಟ್‌ಬುಕ್ಕಿನಲ್ಲಿ ಬರೆಸುತ್ತಿದ್ದರು.

ಹೀಗೆ ಹೇಳುವಾಗಲೆಲ್ಲ ಹಿಂದಿನಿಂದ ಒಬ್ಬರು ಕೆಮ್ಮುತ್ತಿದ್ದರು. ಅವರು ಐತಪ್ಪಣ್ಣ. ಕೋಟೆಯ ಹುಲ್ಲು ಕೆತ್ತುವ, ಗೋಡೆಯ ಮೇಲೆ ಹುಟ್ಟಿದ ಗೋಳಿಯ ಗಿಡ ಕೀಳುವ ದಿನಗೂಲಿಯ ಕೆಲಸ ಅವರದು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಕಂದಕದ ಅಂಚಿನಲ್ಲೇ, ಬಾಗಿಲಿಗೆ ಕೂಗಿದರೆ ಕೇಳುವಷ್ಟು ಹತ್ತಿರ, ಅವರ ಮನೆ. ಹೆಂಡತಿ ಕಮಲಕ್ಕ, ಒಬ್ಬ ಮಗ, ಸೊಸೆ. ಮಧ್ಯಾಹ್ನದ ಗಂಜಿ ನಾನು ಅನೇಕ ದಿನ ಅಲ್ಲೇ ಉಂಡಿದ್ದೇನೆ. ಒಣಮೀನಿನ ಚಟ್ನಿ ಅರೆಯುವುದರಲ್ಲಿ ಕಮಲಕ್ಕನನ್ನು ಮೀರಿಸುವವರನ್ನು ನಾನು ಕಂಡಿಲ್ಲ.

“ನಮ್ಮ ಹಿರಿಯರು ಸಂಕ ಎತ್ತುವವರು, ಮೇಸ್ತ್ರಿಯವರೇ” ಎನ್ನುತ್ತಿದ್ದರು ಐತಪ್ಪಣ್ಣ. “ಸಂಜೆ ಎತ್ತುದು, ಬೆಳಿಗ್ಗೆ ಇಳಿಸುದು. ಬಾವಿಯ ಏತ ಉಂಟಲ್ಲ, ಅದರ ಹಾಗೆ. ಒಳಗಿನ ತುದಿಗೆ ಕಲ್ಲು ಕಟ್ಟಿ ಭಾರ ಮಾಡಿದ್ರೆ ಇಬ್ಬರು ಜನ ಸಾಕಂತೆ. ಆ ಚಾಕರಿಗೇ ನಮಗೆ ಈ ಜಾಗ ಕೊಟ್ಟದ್ದು. ಅಪ್ಪ ನನಗೆ ಇಷ್ಟಿಷ್ಟು ಇರುವಾಗ ಹೇಳಿದ್ದು.”

“ಹೌದು ಹೌದು. ನಮ್ಮ ಅಜ್ಜನ ಅಜ್ಜ ಗೋವಾದಿಂದ ಬರುವಾಗ ಆನೆ ಮೇಲೆ ಕೂತು ಬಂದದ್ದು” ಎಂದು ನಾನು ತಮಾಷೆ ಮಾಡುತ್ತಿದ್ದೆ.

“ನಿಮ್ಮ ಆನೆ ನಮ್ಮ ಸಂಕ ದಾಟ್ಲಿಕ್ಕಿಲ್ಲ ಮಾರಾಯ್ರೆ” ಎಂದು ಅವರೂ ನಗುತ್ತಿದ್ದರು.

ಆ ಮನೆಯಲ್ಲಿ ಒಂದು ಕ್ರಮ ಇತ್ತು. ಬೇಸಗೆಯ ಕೊನೆಗೆ ಬರುವ ಪತ್ತನಾಜೆ, ಅಂದರೆ ಭೂತಗಳ ಕೋಲ ನೇಮಗಳೆಲ್ಲ ಆ ವರ್ಷಕ್ಕೆ ಮುಗಿಯುವ ದಿನ, ಸೂರ್ಯ ಮುಳುಗುವಾಗ ಅಂಗಳದ ಮುಂದಿನ ತೋಡಿನ ಮೇಲಿದ್ದ ಹಲಗೆಯನ್ನು ಮನೆಯ ಯಜಮಾನ ಒಳಗೆ ಎಳೆದುಕೊಳ್ಳುವುದು. ಮರುದಿನ ಬೆಳಕು ಹರಿಯುವವರೆಗೆ ಯಾರೂ ಒಳಗೆ ಬರುವ ಹಾಗಿಲ್ಲ, ಹೊರಗೆ ಹೋಗುವ ಹಾಗಿಲ್ಲ. ಒಂದು ವರ್ಷ ಏನೋ ಕಾಗದಕ್ಕೆ ಹೆಬ್ಬೆಟ್ಟು ಹಾಕಿಸಲು ನಾನು ಅದೇ ಹೊತ್ತಿಗೆ ಹೋದೆ. ಹಲಗೆ ಒಳಗೆ ಹೋಗಿತ್ತು. ತೋಡು ಎಂದರೆ ಎರಡು ಅಡಿ, ನೀರೂ ಇಲ್ಲ.

“ಐತಪ್ಪಣ್ಣ, ಒಂದು ಹಾರು ಹಾರಿದ್ರೆ ನಾನು ಒಳಗೆ” ಎಂದೆ.

“ಹಾರ್ಲಿಕ್ಕೆ ಆಗ್ತದೆ. ಹಾರ್ಬಾರ್ದು” ಎಂದರು. ನಗು ಇಲ್ಲ. ಕಾಗದಕ್ಕೆ ಹೆಬ್ಬೆಟ್ಟು ಮರುದಿನವೇ ಬಿದ್ದದ್ದು. ಒಣ ತೋಡಿಗೆ ಇಷ್ಟು ಮರ್ಯಾದೆಯೇ ಎಂದು ನಾನು ಮನೆಗೆ ಹೋಗಿ ಹೆಂಡತಿಯ ಹತ್ತಿರ ಆಡಿಕೊಂಡು ನಕ್ಕೆ. ಒಂದು ಮನೆಯವರು ಯಾಕೆ ವರ್ಷಕ್ಕೊಮ್ಮೆ ಹೀಗೆ ಮಾಡುತ್ತಾರೆ, ಇದನ್ನು ಅವರಿಗೆ ಕಲಿಸಿದವರು ಯಾರು ಎಂದು ಒಂದು ಗಳಿಗೆಯೂ ಯೋಚಿಸಲಿಲ್ಲ.

ಮುಂದೆ ಕೋಟೆಯ ಸುತ್ತಲಿನ ಜಾಗ ತೆರವು ಮಾಡುವ ಕೆಲಸ ಬಂತು. ಐತಪ್ಪಣ್ಣನ ಮನೆಗೆ ಪಟ್ಟಯ, ಅಂದರೆ ಜಾಗದ ಹಕ್ಕುಪತ್ರ, ಇರಲಿಲ್ಲ. ಸರ್ಕಾರದ ಲೆಕ್ಕದಲ್ಲಿ ಅದು ಪುರಂಬೋಕು, ಯಾರ ಹೆಸರಿಗೂ ಇಲ್ಲದ ಸರ್ಕಾರಿ ಜಾಗ. ಮನೆಯಲ್ಲಿ ಇದ್ದದ್ದು ಒಂದೇ ಕಾಗದ, ಅವರ ಅಜ್ಜ ಯಾವುದೋ ಕಾಲದಲ್ಲಿ ಯಾರಿಂದಲೋ ಬರೆಸಿದ ಅರ್ಜಿಯ ನಕಲು. ಕೋಟೆಯ ಸಂಕದ ಚಾಕರಿಗೆ ಬಿಟ್ಟ ಜಾಗ ನಮ್ಮದು ಎಂದು ಅದರಲ್ಲಿ ಹಳೆಯ ಕನ್ನಡ ಅಕ್ಷರದಲ್ಲಿ ಬರೆದಿತ್ತು. ಮೊಹರು ಇಲ್ಲ. ಆಗಿನ ತಹಸೀಲ್ದಾರರು ಒಳ್ಳೆಯ ಮನುಷ್ಯ. ನಕಲನ್ನು ಮಾತ್ರ ನಂಬಿ ಏನೂ ಮಾಡಲಾಗದು, ಆದರೆ ಬಾಗಿಲ ಮುಂದೆ ಎತ್ತುವ ಸಂಕ ಇತ್ತು ಎಂದು ನಿಮ್ಮ ಇಲಾಖೆ ಬರೆದುಕೊಟ್ಟರೆ ಹಳೆಯ ಹಕ್ಕು ಎಂದು ಶಿಫಾರಸು ಮಾಡುತ್ತೇನೆ ಎಂದು ಕೇಳಿ ಕಳಿಸಿದರು. ಮನೆ ಉಳಿಯುವುದು ಇಲಾಖೆಯ ಆ ಒಂದು ಮಾತಿನ ಮೇಲೆ ನಿಂತಿತು.

ನಮ್ಮಲ್ಲಿ ಆಗ ಹೊಸ ಸಾರ್ ಬಂದಿದ್ದರು. ಮೂರು ಕೋಟೆಗಳ ಜವಾಬ್ದಾರಿ, ಸದಾ ಅವಸರ. “ಕಲ್ಲಿನ ವಿಷಯ ನಿಮಗಿಂತ ಬಲ್ಲವರು ಯಾರಿದ್ದಾರೆ ಮೇಸ್ತ್ರಿ? ನೋಡಿ ಬರೆದು ಕೊಡಿ, ನಾನು ಸಹಿ ಹಾಕ್ತೇನೆ” ಎಂದರು. ಆ ಮಾತು ಕೇಳಿ ನಾನು ಉಬ್ಬಿದೆ, ಸುಳ್ಳು ಯಾಕೆ ಹೇಳಲಿ.

ಮರುದಿನ ಬೆಳಿಗ್ಗೆ ಪಿಕಾಸಿ ಹಿಡಿದು ಆ ಕೆಂಪು ದಾರಿಯ ಮೇಲೆ ನಿಂತೆ. ಐತಪ್ಪಣ್ಣ ಶುಭ್ರವಾದ ಅಂಗಿ ಹಾಕಿಕೊಂಡು ಬಂದಿದ್ದರು. ಕಮಲಕ್ಕ ಮನೆಯ ಜಗಲಿಯಿಂದ ನೋಡುತ್ತಿದ್ದರು. ಬಾಗಿಲ ಹತ್ತಿರ ಒಮ್ಮೆ, ನಡುವೆ ಒಮ್ಮೆ, ಆಚೆಯ ದಡದಲ್ಲಿ ಒಮ್ಮೆ ಬಡಿದೆ. ಮೂರು ಕಡೆಯೂ ಒಂದೇ ಸದ್ದು, ಪಿಕಾಸಿ ಕೈಗೆ ತಿರುಗಿ ಹೊಡೆಯಿತು. ಅಪ್ಪನ ಕೋರೆಯಲ್ಲಿ ಸಾವಿರ ಸಲ ಕೇಳಿದ ಸದ್ದು.

“ಹುಟ್ಟುಕಲ್ಲು, ಐತಪ್ಪಣ್ಣ” ಎಂದೆ. “ಕಡಿಯದೆ ಬಿಟ್ಟ ಕಲ್ಲು. ಇಲ್ಲಿ ಸಂಕ ಹಾಕಲಿಕ್ಕೆ ಜಾಗವೇ ಇರಲಿಲ್ಲ.”

ಅವರ ಮುಖ ಸಣ್ಣದಾಯಿತು. “ಒಂದು ಗೇಣು ಅಗೆದು ನೋಡ್ತೀರಾ?” ಎಂದು ಮೆಲ್ಲಗೆ ಕೇಳಿದರು.

“ಅಗೆಯಲಿಕ್ಕೆ ಮೇಲಿನಿಂದ ಅನುಮತಿ ಬೇಕು. ಅದು ಬರುವಾಗ ವರ್ಷ ಆಗ್ತದೆ. ಹುಟ್ಟುಕಲ್ಲು ಅಗೆದು ಎಂತ ನೋಡುದು?”

ಅನುಮತಿಯ ಮಾತು ನಿಜ. ಆದರೆ ಕೇಳಿದ್ದರೆ ಸಿಗುತ್ತಿತ್ತು, ತಹಸೀಲ್ದಾರರೂ ಕಾಯುತ್ತಿದ್ದರು. ನಾನು ಕೇಳಲಿಲ್ಲ. ಕೇಳದಿರಲು ಎರಡು ಕಾರಣ. ಒಂದು, ನನಗೆ ಅನುಮಾನವೇ ಇರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜನರಲ್ಲಿ ನಾನೂ ಒಬ್ಬ. ಎರಡನೆಯದು ಹೇಳಲು ಕಷ್ಟ. ಐತಪ್ಪಣ್ಣ ನನಗೆ ಬೇಕಾದವರು, ಅವರ ಮನೆಯ ಗಂಜಿ ಉಂಡವನು ನಾನು. ಬೇಕಾದವರಿಗೆ ಅನುಕೂಲವಾಗಿ ಬರೆದುಕೊಟ್ಟ ಎಂಬ ಮಾತು ಬರಬಾರದು ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಸ್ನೇಹ ನೋಡದೆ ಬರೆದೆ ಎಂದು ಆ ದಿನ ನನ್ನ ಬಗ್ಗೆ ನನಗೇ ಹೆಮ್ಮೆಯಾಗಿತ್ತು. ಆರು ಸಾಲು ಬರೆದೆ. ಬಾಗಿಲ ಮುಂದಿನ ದಾರಿ ಮೂಲತಃ ಇರುವ ಕಲ್ಲು, ಎತ್ತುವ ಸಂಕ ಇದ್ದುದಕ್ಕೆ ಯಾವ ಗುರುತೂ ಇಲ್ಲ, ಇರಲು ಸಾಧ್ಯವೂ ಇಲ್ಲ. ಕೊನೆಯ ಮೂರು ಪದಗಳನ್ನು ಯಾರೂ ಕೇಳಿರಲಿಲ್ಲ.

ಆ ಮಳೆಗಾಲಕ್ಕೆ ಮೊದಲೇ ಅವರು ಮನೆ ಖಾಲಿ ಮಾಡಬೇಕಾಯಿತು. ಅಡೂರಿನ ಕಡೆ ಹೋಗುವ ದಾರಿಯಲ್ಲಿ, ಮರವಿಲ್ಲದ ಒಂದು ಕಲ್ಲುಪಾರೆಯ ಮೇಲೆ, ಕಾಲೊನಿಯಲ್ಲಿ ಒಂದು ಮನೆ ಕೊಟ್ಟರು. ಹಳೆಯ ಮನೆಯ ಮಾಡಿನ ಹಂಚುಗಳನ್ನು ಐತಪ್ಪಣ್ಣ ತಾವೇ ಒಂದೊಂದಾಗಿ ಇಳಿಸಿ ಲಾರಿಗೆ ಹಾಕಿದರು. ನಾನು ಆ ದಿನ ರಜೆ ಹಾಕಬಹುದಿತ್ತು. ಹಾಕಲಿಲ್ಲ, ಅಲ್ಲೇ ನಿಂತೆ. ಕಮಲಕ್ಕ ನನ್ನ ಕಡೆ ನೋಡಲಿಲ್ಲ. ಐತಪ್ಪಣ್ಣ ಲಾರಿ ಹತ್ತುವ ಮೊದಲು ಬಂದು, “ಬರ್ತೇನೆ ಮೇಸ್ತ್ರಿಯವರೇ, ಪಡುಬದಿಯ ಗೋಳಿ ಗಿಡ ಪುನಃ ಚಿಗುರಿದೆ, ಯಾರಿಗಾದ್ರೂ ಹೇಳಿ ತೆಗೆಸಿ” ಎಂದು ಮಾತ್ರ ಹೇಳಿದರು.

ಎರಡು ವರ್ಷದ ನಂತರ ಒಮ್ಮೆ ಕಾಸರಗೋಡಿನ ಬಸ್‌ಸ್ಟ್ಯಾಂಡಿನಲ್ಲಿ ಅವರು ಸಿಕ್ಕಿದರು. ನಾನು ಕಂಡೂ ಕಾಣದ ಹಾಗೆ ಹೋಗುವವನಿದ್ದೆ. ಅವರೇ ಕೂಗಿ ಕರೆದು, ಸೌಖ್ಯವಾ, ಮಕ್ಕಳು ಎಂತ ಮಾಡ್ತಾರೆ ಎಂದೆಲ್ಲ ಕೇಳಿದರು. ಒಂದು ಕೊಂಕು ಮಾತು ಇಲ್ಲ. ಹೋಟೆಲಿಗೆ ಕರೆದುಕೊಂಡು ಹೋಗಿ ಚಾ ಕುಡಿಸಿದರು, ದುಡ್ಡು ಕೊಡಲು ನನ್ನನ್ನು ಬಿಡಲಿಲ್ಲ. ಮನಸ್ಸಿನಲ್ಲಿ ಏನೂ ಇಟ್ಟುಕೊಂಡಿಲ್ಲ, ದೊಡ್ಡ ಮನುಷ್ಯ ಎಂದುಕೊಂಡು ನಾನು ಹಗುರವಾಗಿ ಬಸ್ಸು ಹತ್ತಿದೆ.

ನನ್ನ ಸರ್ವೀಸಿನ ಕೊನೆಯ ವರ್ಷ ಮಳೆ ಜೋರಾಗಿ ಹೊಡೆಯಿತು. ಬಾಗಿಲ ಮುಂದಿನ ದಾರಿಯ ತೆಂಕಣ ಬದಿ ಒಂದು ಆಳೆತ್ತರ ಕುಸಿದು ಕಂದಕಕ್ಕೆ ಬಿತ್ತು. ಆಗ ನಮಗೆ ಒಬ್ಬರು ಮೇಡಂ ಅಧಿಕಾರಿಯಾಗಿದ್ದರು, ಇನ್ನೂ ಸಣ್ಣ ಪ್ರಾಯ. ಅನುಮತಿ ತರಿಸಿ, ಕುಸಿದ ಮುಖವನ್ನು ಚಾಕುವಿನಲ್ಲಿ ಕೇಕ್ ಕತ್ತರಿಸಿದಂತೆ ನೇರ ಮಾಡಿಸಿದರು. ಮೇಲಿನ ಎರಡು ಅಡಿ ಕಲ್ಲು, ಕಬ್ಬಿಣದಷ್ಟು ಗಟ್ಟಿ. ಅದರ ಕೆಳಗೆ ಕೆಂಪುಕಲ್ಲಿನ ಚೂರು, ಮಣ್ಣು. ಅದರ ನಡುವೆ ಬೆರಳಗಲದ ಏನೋ ಒಂದು ಕಪ್ಪಗೆ ಕಂಡಿತು. ಮೇಡಂ ಬ್ರಷ್ಷಿನಿಂದ ಉಜ್ಜಿ ನನ್ನ ಕೈಗೆ ಕೊಟ್ಟರು. ಒಡೆದ ಮಡಕೆಯ ಬಾಯಿ.

ಹುಟ್ಟುಕಲ್ಲಿನ ಹೊಟ್ಟೆಯಲ್ಲಿ ಮಡಕೆ ಇರುವುದಿಲ್ಲ. ಅದನ್ನು ಹೇಳಲು ಯಾರೂ ಬೇಕಿರಲಿಲ್ಲ. ಯಾರೋ ಹಿಂದೆ ಕಂದಕಕ್ಕೆ ಕಲ್ಲಿನ ಚೂರು, ಕೆಂಪು ಮಣ್ಣು ಸುರಿದು ದಮ್ಮಸು ಹೊಡೆದು ಗಟ್ಟಿ ಮಾಡಿದ್ದಾರೆ. ಮಳೆ ಕುಡಿದು, ಬಿಸಿಲು ತಿಂದು, ಎಷ್ಟೋ ತಲೆಮಾರುಗಳಲ್ಲಿ ಅದರ ಮೇಲುಭಾಗ ಪುನಃ ಕಲ್ಲಾಗಿದೆ. ಕೋರೆಯಲ್ಲಿ ಹುಟ್ಟಿ ಬೆಳೆದ ನನಗೆ ಈ ಕಲ್ಲಿನ ಗುಣ ಗೊತ್ತಿತ್ತು. ಗೊತ್ತಿದ್ದದ್ದೇ ನನಗೆ ಮುಳುವಾಯಿತು. ಕಲ್ಲಿನ ಗುಣ ಅರಿಯದ ಒಬ್ಬನಾಗಿದ್ದರೆ ಸದ್ದು ಕೇಳಿ ತೃಪ್ತಿಪಡುತ್ತಿರಲಿಲ್ಲ, ಅಗೆದು ನೋಡುತ್ತಿದ್ದ.

ಹದಿನೈದು ದಿನ ಕೆಲಸ ನಡೆಯಿತು. ಬಾಗಿಲ ಹೊಸ್ತಿಲಿನ ಎರಡು ಬದಿಯಲ್ಲಿ ಎರಡು ಕಗ್ಗಲ್ಲುಗಳು ಸಿಕ್ಕಿದವು, ಒಂದಕ್ಕೊಂದು ಎದುರುಬದುರಾಗಿ. ಎರಡರಲ್ಲೂ ಬಟ್ಟಲಿನ ಹಾಗೆ ಗುಳಿ. ನಾನು ಇಳಿದು ಒಂದರೊಳಗೆ ಕೈ ಇಟ್ಟೆ. ಒಳಮೈ ಕನ್ನಡಿಯಷ್ಟು ನುಣುಪು. ಮರದ ಅಚ್ಚು ಅದರಲ್ಲಿ ದಿನಕ್ಕೆರಡು ಸಲ ತಿರುಗಿ ತಿರುಗಿ ಸವೆಸಿದ ನುಣುಪು. ಹೊಸ್ತಿಲಿನ ಒಳಬದಿಗೆ ಒಂದು ಆಳವಾದ ಹೊಂಡ, ಸಂಕದ ಭಾರದ ತುದಿ ಇಳಿಯಲು ಮಾಡಿದ್ದು. ಅದಕ್ಕೂ ಮಣ್ಣು ತುಂಬಿದ್ದರು. ಏತದ ಹಾಗೆ ಎಂದು ಐತಪ್ಪಣ್ಣ ಹೇಳಿದ್ದು ಅಕ್ಷರಕ್ಕೆ ಅಕ್ಷರ ಸರಿಯಾಗಿತ್ತು. ಓದು ಬರಹ ಇಲ್ಲದ ಆ ಮನೆಯವರು ಯಾವ ಚಿತ್ರವನ್ನೂ ನೋಡದೆ, ಬಾಯಿಂದ ಬಾಯಿಗೆ ಅದನ್ನು ಉಳಿಸಿಕೊಂಡು ಬಂದಿದ್ದರು. ನಾನು ಆ ಹೊಂಡದಲ್ಲಿ ಕೂತು ಅತ್ತೆ. ಕೆಲಸದವರು ನೋಡುತ್ತಿದ್ದರು, ನಾಚಿಕೆ ಅನಿಸಲಿಲ್ಲ.

ಮೇಡಂಗೆ ಎಲ್ಲ ಹೇಳಿದೆ. ಹಳೆಯ ಫೈಲು ತೆಗೆದು ನನ್ನ ಆರು ಸಾಲು ತೋರಿಸಿದೆ. ಅವರು ಎರಡು ಸಲ ಓದಿದರು. ಆಮೇಲೆ, “ನೀವೇ ತಿದ್ದಿ ಬರೀಬೇಕು ಮೇಸ್ತ್ರಿ. ನಾನು ಬರೆದ್ರೆ ಅದು ಹೊಸ ವರದಿ ಆಗ್ತದೆ” ಎಂದರು. ಬರೆದೆ. ಈ ಹಿಂದೆ ಕೊಟ್ಟ ಅಭಿಪ್ರಾಯ ತಪ್ಪು, ನೆಲವನ್ನು ಅಗೆದು ನೋಡದೆ ಕೊಟ್ಟದ್ದು, ಬಾಗಿಲ ಮುಂದೆ ಎತ್ತುವ ಸಂಕ ಇತ್ತು ಎಂದು ನನ್ನ ಹೆಸರು ಹಾಕಿಯೇ ಬರೆದೆ. ಅದು ಮೇಲಕ್ಕೆ ಹೋಯಿತು. ಆ ಜಾಗದ ವಿಷಯ ಮುಗಿದಿದೆ, ಈಗ ಅಲ್ಲಿ ಬಂದವರ ಗಾಡಿ ನಿಲ್ಲಿಸುವ ವ್ಯವಸ್ಥೆ ಆಗಿದೆ ಎಂದು ಉತ್ತರ ಬಂತು. ಅಗೆದದ್ದನ್ನು ಅಳತೆ ಮಾಡಿ, ಫೋಟೊ ತೆಗೆದು, ಗುಳಿಗಳು ಹಾಳಾಗದಂತೆ ಮರಳು ತುಂಬಿ ಪುನಃ ಮುಚ್ಚಬೇಕಿತ್ತು. ಕ್ರಮ ಹಾಗೆಯೇ. ಮುಚ್ಚುವ ಕೆಲಸವನ್ನು ನಾನೇ ನಿಂತು ಮಾಡಿಸಿದೆ.

ಆ ಭಾನುವಾರ ಪೂಜೆ ಮುಗಿದ ಮೇಲೆ ಪಾಪನಿವೇದನೆಗೆ ಹೋದೆ. ಫಾದರ್ ಎಲ್ಲ ಕೇಳಿ, “ಅರಿಯದೆ ಮಾಡಿದ್ದು ಪಾಪ ಆಗುದಿಲ್ಲ ಲಿಗೋರಿ” ಎಂದರು.

“ಅರಿಯದೆ ಅಲ್ಲ ಫಾದರ್. ಅರಿತಿದ್ದೇನೆ ಅಂತ ಮಾಡಿದ್ದು” ಎಂದೆ. ಹಾಗಾದರೆ ಐತಪ್ಪಣ್ಣನನ್ನೇ ಹೋಗಿ ಕಾಣು ಎಂದರು ಫಾದರ್.

ಹೊಸ ವರದಿಯ ಒಂದು ನಕಲು ಜೇಬಿನಲ್ಲಿಟ್ಟುಕೊಂಡು ಬಸ್ಸು ಹಿಡಿದು ಕಾಲೊನಿಗೆ ಹೋದೆ. ದಾರಿಯುದ್ದಕ್ಕೂ ಐತಪ್ಪಣ್ಣನಿಗೆ ಹೇಗೆ ಹೇಳುವುದೆಂದು ಮಾತು ಜೋಡಿಸುತ್ತಿದ್ದೆ. ಬೈಯಲಿ, ಹೊಡೆಯಲಿ, ಕೊನೆಗೆ ಆ ಗುಳಿಯ ನುಣುಪಿನ ವಿಷಯ ಹೇಳಿದರೆ ಅವರ ಮುಖ ಅರಳುತ್ತದೆ ಎಂಬ ಆಸೆ ಇತ್ತು. ಕಮಲಕ್ಕ ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದರು. ನನ್ನನ್ನು ಗುರುತಿಸಲು ಅವರಿಗೆ ಹೊತ್ತು ಬೇಕಾಯಿತು.

“ಐತಪ್ಪಣ್ಣ ಎಲ್ಲಿ?” ಎಂದೆ.

“ಅವರು ಹೋಗಿ ಎಂಟು ತಿಂಗಳಾಯ್ತು” ಎಂದರು. “ನಿಮಗೆ ಹೇಳಿ ಕಳಿಸುವಾ ಅಂತ ಮಗ ಹೇಳಿದ. ಬೇಡ ಅಂದೆ ನಾನು.”

ನಾನು ಜಗಲಿಯಲ್ಲಿ ಕೂತುಬಿಟ್ಟೆ. ಅವರು ಒಳಗೆ ಹೋಗಿ ನೀರು ಬೆಲ್ಲ ತಂದಿಟ್ಟರು. ಬಂದವರಿಗೆ ಕೊಡುವ ಮರ್ಯಾದೆಯನ್ನು ನನಗೂ ತಪ್ಪಿಸಲಿಲ್ಲ. ಕಾಗದ ತೆಗೆದು ಓದಿ ಹೇಳಿದೆ. ಸಂಕ ಇತ್ತು ಕಮಲಕ್ಕ, ಕಲ್ಲು ಸಿಕ್ಕಿತು, ನಾನು ಬರೆದದ್ದು ತಪ್ಪು, ನನ್ನನ್ನು ಕ್ಷಮಿಸಿ ಎಂದೆ. ಅವರು ಅಳಲಿಲ್ಲ, ಕಾಗದವನ್ನು ಕೈಗೆ ತೆಗೆದುಕೊಳ್ಳಲೂ ಇಲ್ಲ.

“ನನಗೆ ಗೊತ್ತಿತ್ತು” ಎಂದರು. “ಸಂಕ ಇತ್ತು ಅಂತ ನನಗೆ ಯಾವಾಗ್ಲೂ ಗೊತ್ತಿತ್ತು. ಮದುವೆಯಾಗಿ ಬಂದ ದಿನ ಮಾವ ನನ್ನನ್ನು ಕೂರಿಸಿ ಹೇಳಿದ್ದು. ಇವರಿಗೆ ಮಾತ್ರ ನಂಬಿಕೆ ಹೋಯ್ತು. ಲಿಗೋರಿ ಮೇಸ್ತ್ರಿ ಕಲ್ಲು ಬಲ್ಲವರು, ಅವರು ನಮಗೆ ಕೆಟ್ಟದ್ದು ಬಯಸುವವರಲ್ಲ, ಅವರೇ ಇಲ್ಲ ಅಂದ ಮೇಲೆ ಇಲ್ಲ ಅಂತ ಹೇಳ್ತಿದ್ರು. ಪುಳ್ಳಿಗೆ, ಮಗನ ಮಗುವಿಗೆ, ನಾನು ಆ ಕಥೆ ಹೇಳ್ಲಿಕ್ಕೆ ಹೋದ್ರೆ, ಸುಳ್ಳು ಕಲಿಸ್ಬೇಡ ಅಂತ ನನ್ನ ಬಾಯಿ ಮುಚ್ಚಿಸ್ತಿದ್ರು.”

ಬಸ್‌ಸ್ಟ್ಯಾಂಡಿನಲ್ಲಿ ಐತಪ್ಪಣ್ಣನ ಮಾತಿನಲ್ಲಿ ಯಾಕೆ ಕೊಂಕು ಇರಲಿಲ್ಲ ಎಂಬುದು ನನಗೆ ಆಗ ತಿಳಿಯಿತು. ನಾನು ಪುನಃ ಕ್ಷಮೆಯ ಮಾತು ತೆಗೆದೆ.

“ಮನೆ ಹೋದದ್ದಕ್ಕೆ ನಾನು ಅತ್ತಾಯ್ತು, ಅದು ಮುಗಿದ ಕಥೆ” ಎಂದರು ಕಮಲಕ್ಕ. “ಇವರು ಸಾಯುವಾಗ ತನ್ನ ಅಪ್ಪ ಸುಳ್ಳುಗಾರ ಅಂತ ತಿಳ್ಕೊಂಡೇ ಸತ್ರು, ಮೇಸ್ತ್ರಿಯವರೇ. ಅದನ್ನು ನೀವು ಯಾವ ಕಾಗದದಲ್ಲಿ ತಿದ್ದಿ ಬರೀತೀರಿ?”

ನಾನು ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ವಾಪಸು ಬರುವ ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಎದ್ದು ನಡೆದುಕೊಂಡೇ ಬಂದೆ.